ನಿಂತು ನಿಂತು ಸಾಗುವ ದಾರಿ



ಆಸ್ಟ್ರೇಲಿಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಿಡ್ನಿಯ ಒಪೇರಾ ಹೌಸ್, ಮೆಲ್ಬರ್ನಿನ ಕ್ರಿಕೆಟ್ ಮೈದಾನ. ಆ ದೇಶದ ಬಹುಪಾಲು ಜನ ಇರುವುದೂ ಕರಾವಳಿಯ ಅಂಥ ನಗರಗಳಲ್ಲೇ. ಒಳನಾಡಿನ ಕಥೆಯೇ ಬೇರೆ. ಒಣಹುಲ್ಲಿನ ಬಯಲು, ಕೆಂಪು ಮಣ್ಣು, ನೂರಿನ್ನೂರು ಕಿಲೋಮೀಟರಿಗೊಂದು ಪುಟ್ಟ ಊರು. ಇದನ್ನೇ ಅಲ್ಲಿಯವರು ಔಟ್‌ಬ್ಯಾಕ್ ಅನ್ನುತ್ತಾರೆ. ಜೂನ್ ಬಂತೆಂದರೆ ಅಲ್ಲಿ ಚಳಿಗಾಲ, ಬಿಸಿಲು ಹಿತವಾಗಿರುವ ಕಾಲ. ಆಗ ಸಾವಿರಾರು ಮಂದಿ, ಅದರಲ್ಲೂ ಕೆಲಸದಿಂದ ನಿವೃತ್ತರಾದ ದಂಪತಿಗಳು, ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡೋ ಟೆಂಟು ಹೇರಿಕೊಂಡೋ ಒಳನಾಡಿನತ್ತ ಹೊರಡುತ್ತಾರೆ.

ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಬ್ಲಾಕಾಲ್, ಬಾರ್ಕಾಲ್ಡೀನ್, ಲಾಂಗ್‌ರೀಚ್, ವಿಂಟನ್ ಎಂಬ ನಾಲ್ಕು ಊರುಗಳ ಸಾಲೊಂದಿದೆ. ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ 400 ಕಿಲೋಮೀಟರ್. ಬೆಳಗ್ಗೆ ಹೊರಟರೆ ಸಂಜೆಯೊಳಗೆ ಮುಗಿದುಹೋಗುವ ದಾರಿ. ಆದರೆ ಊರೂರಲ್ಲಿ ತಂಗುತ್ತಾ ಇದೇ ದಾರಿಗೆ ಒಂದಿಡೀ ವಾರ ಕೊಟ್ಟವರಿಗೆ ಮಾತ್ರ ಇದು ತನ್ನ ಕಥೆ ಹೇಳುತ್ತದೆ.

ಬ್ಲಾಕಾಲ್‌ನಲ್ಲಿ ಜಾಕಿ ಹೋವ್ ಎಂಬ ಉಣ್ಣೆ ಕತ್ತರಿಸುವ ಕೂಲಿಕಾರನ ಪ್ರತಿಮೆಯಿದೆ. ಈತ 1892ರಲ್ಲಿ, ಬರಿಯ ಕೈಗತ್ತರಿಯಲ್ಲಿ, ಎಂಟು ಗಂಟೆಗೂ ಕಡಿಮೆ ಅವಧಿಯಲ್ಲಿ 321 ಕುರಿಗಳ ಉಣ್ಣೆ ತೆಗೆದವನು. ರಾಜರಿಗೆ, ಸೇನಾಪತಿಗಳಿಗೆ ಪ್ರತಿಮೆ ನಿಲ್ಲಿಸುವುದನ್ನು ನಾವು ಬಲ್ಲೆವು. ಕೂಲಿಕಾರನ ಕೈಚಳಕಕ್ಕೆ ನಿಲ್ಲಿಸಿದ ಪ್ರತಿಮೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮುಂದಿನ ಊರು ಬಾರ್ಕಾಲ್ಡೀನ್. ಇಲ್ಲಿ ಅವಸರ ಕೂಡದು. 1891ರಲ್ಲಿ ಉಣ್ಣೆ ಕತ್ತರಿಸುವವರು ಮಾಲೀಕರ ವಿರುದ್ಧ ಮುಷ್ಕರ ಹೂಡಿ ಈ ಊರಿನ ಹೊರಗೇ ಡೇರೆ ಹಾಕಿ ಕೂತರು. ಸರ್ಕಾರ ಸೈನಿಕರನ್ನು ಕಳಿಸಿತು, ಮುಖಂಡರನ್ನು ಜೈಲಿಗೆ ಹಾಕಿತು. ಮುಷ್ಕರ ಸೋತಿತು. ಆದರೆ ಆ ಸೋಲಿನಿಂದಲೇ ಆ ದೇಶದ ಕಾರ್ಮಿಕ ಪಕ್ಷಕ್ಕೆ ಬಲ ಬಂತು. ಮುಷ್ಕರದವರು ಸಭೆ ಸೇರುತ್ತಿದ್ದುದು ರೈಲು ನಿಲ್ದಾಣದ ಎದುರಿನ ಒಂದು ಮರದ ಕೆಳಗೆ. ಜನ ಅದನ್ನು ಜ್ಞಾನವೃಕ್ಷವೆಂದು ಕರೆದರು. 2006ರಲ್ಲಿ ಯಾರೋ ಆ ಮರಕ್ಕೆ ವಿಷ ಹಾಕಿ ಕೊಂದರು. ಊರಿನವರು ಅದನ್ನು ಕಡಿದು ಎಸೆಯಲಿಲ್ಲ. ಸತ್ತ ಕಾಂಡವನ್ನೇ ಕಾಪಾಡಿ, ಅದರ ಮೇಲೆ ಮರದ ತೊಲೆಗಳನ್ನು ತೂಗುಬಿಟ್ಟ ಎತ್ತರದ ಸ್ಮಾರಕವೊಂದನ್ನು ಕಟ್ಟಿಸಿ 2009ರಲ್ಲಿ ತೆರೆದರು. ಅಂದು ಹೊಟ್ಟೆಪಾಡಿಗಾಗಿ ಡೇರೆ ಹಾಕಿದವರ ಊರಿನಲ್ಲಿ ಇಂದು ವಿಹಾರಕ್ಕಾಗಿ ಡೇರೆ ಹಾಕುವ ನಾವು ಆ ಮರದ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು. ಅಷ್ಟೇ ಅಲ್ಲ, ಈ ಊರುಗಳಿಗೆ ನೂರೈವತ್ತು ವರ್ಷ ಆಗಿರಬಹುದು, ಬಾರ್ಕಾಲ್ಡೀನ್ ಸುತ್ತಿನ ನೆಲದ ಮೂಲನಿವಾಸಿಗಳಾದ ಇನಿಂಗೈ ಜನರದು ಸಾವಿರಾರು ವರ್ಷಗಳ ಬಾಳು ಎಂಬುದನ್ನೂ ನೆನೆಯಬೇಕು.

ಲಾಂಗ್‌ರೀಚ್‌ನಲ್ಲಿ ಥಾಮ್ಸನ್ ನದಿಯ ದಡ, ವಿಂಟನ್‌ನಲ್ಲಿ ಊರಾಚೆಯ ನೀರಿನ ಮಡು, ಬಿಡಾರ ಹೂಡುವವರಿಗೆ ಪ್ರಿಯವಾದ ಜಾಗಗಳು. ವಿಂಟನ್‌ನ ಜನಸಂಖ್ಯೆ ಸಾವಿರವೂ ಇಲ್ಲ. ಕ್ವಾಂಟಾಸ್ ವಿಮಾನ ಸಂಸ್ಥೆ 1920ರಲ್ಲಿ ನೋಂದಣಿಯಾದದ್ದು ಈ ಊರಿನಲ್ಲಿ ಅಂದರೆ ನಂಬುವುದು ಕಷ್ಟ. ಊರಿನ ನಲ್ಲಿಯಲ್ಲಿ ಬರುವುದು ನೆಲದ ಆಳದಿಂದ ಬಿಸಿಬಿಸಿಯಾಗಿ ಮೇಲೆದ್ದ ನೀರು, ಮೂಗಿಗೆ ಗಂಧಕದ ವಾಸನೆ. ಆಸ್ಟ್ರೇಲಿಯಾದ ಐದನೇ ಒಂದು ಭಾಗಕ್ಕೂ ಮಿಗಿಲಾದ ನೆಲದಡಿಯಲ್ಲಿ ಹರಡಿಕೊಂಡಿರುವ ಅಂತರ್ಜಲ ಅದು. ಇಲ್ಲಿನ ಹಲವು ಊರುಗಳಿಗೆ ಅದೇ ಜೀವಾಳ.

ರೇಡಿಯೋ ಕೇಳುವ ನಮಗೆ ಈ ಸೀಮೆಯ ಜೊತೆ ಇನ್ನೊಂದು ನಂಟಿದೆ. ವಿಂಟನ್‌ನಿಂದಲೂ ಮುಂದೆ ಕ್ಲಾನ್‌ಕರಿ ಎಂಬ ಊರು ಸಿಗುತ್ತದೆ. ಜಾನ್ ಫ್ಲಿನ್ ಎಂಬ ಪಾದ್ರಿಯ ಕನಸಿನಂತೆ, ವಿಮಾನದಲ್ಲಿ ವೈದ್ಯರನ್ನು ರೋಗಿಯ ಬಳಿಗೆ ಕಳಿಸುವ ಸೇವೆ ಅಲ್ಲಿ 1928ರಲ್ಲಿ ಶುರುವಾಯಿತು. ವಿಮಾನವೇನೋ ಸಿದ್ಧವಾಯಿತು. ಆದರೆ ವಿದ್ಯುತ್ತೂ ಇಲ್ಲದ, ಫೋನೂ ಇಲ್ಲದ ಕುರಿ ದೊಡ್ಡಿಯಿಂದ ವೈದ್ಯರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞ, ಸೈಕಲ್ಲಿನಂತೆ ಪೆಡಲ್ ತುಳಿದು ವಿದ್ಯುತ್ ಹುಟ್ಟಿಸುವ ರೇಡಿಯೋ ಮಾಡಿಕೊಟ್ಟ. ಮುಂದೆ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ರೇಡಿಯೋ ಮೂಲಕ ಒಂಟಿ ಮನೆಗಳ ಮಕ್ಕಳಿಗೆ ಪಾಠವೂ ಆರಂಭವಾಯಿತು. ಅಕ್ಕಪಕ್ಕದ ಮನೆ ಎಂದರೆ ಹತ್ತಾರು ಮೈಲಿ ದೂರವಿದ್ದವರನ್ನು ಬೆಸೆದದ್ದು ಒಂದು ಧ್ವನಿ.

ಆ ದಾರಿಯಲ್ಲಿ ಇಂದಿಗೂ ಎದುರಿನ ವಾಹನದ ಚಾಲಕ ಸ್ಟಿಯರಿಂಗ್ ಮೇಲಿನ ಬೆರಳೆತ್ತಿ ವಂದಿಸುತ್ತಾನೆ. ಗುರುತಿಲ್ಲ, ಪರಿಚಯವಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಇನ್ನೊಬ್ಬ ಮನುಷ್ಯ ಕಂಡನಲ್ಲ, ಅದೇ ಸಾಕು.

ನೆಲದಡಿಯಲ್ಲಿ ನೀರಿದ್ದರೂ ಇಂಥ ಊರುಗಳ ದುಡಿಮೆ ನಂಬಿರುವುದು ಮಳೆಯನ್ನು. ಬರ ಬಂದು ಕುರಿ, ದನ ಮಾರಿಹೋದ ವರ್ಷ ಅಂಗಡಿಯ ವ್ಯಾಪಾರವೂ ಇಳಿಯುತ್ತದೆ, ದುಡಿಯುವ ವಯಸ್ಸಿನವರು ನಗರ ಸೇರುತ್ತಾರೆ. ಅಂಥ ಹೊತ್ತಿನಲ್ಲಿ ಒಂದು ರಾತ್ರಿ ತಂಗಿ ಬ್ರೆಡ್ಡು, ಹಾಲು, ಪೆಟ್ರೋಲು ಕೊಳ್ಳುವ ಪ್ರಯಾಣಿಕ ಆ ಊರಿಗೆ ನಿಜವಾದ ಆಸರೆ. ಅದಕ್ಕೇ ಎಷ್ಟೋ ಪುಟ್ಟ ಊರುಗಳು ಜಾತ್ರೆಯ ಬಯಲಲ್ಲೋ ಹೊಳೆಯ ದಂಡೆಯಲ್ಲೋ ಅಲ್ಪ ಹಣಕ್ಕೆ, ಕೆಲವೆಡೆ ಪುಕ್ಕಟೆಯಾಗಿಯೇ ಜಾಗ ಕೊಡುತ್ತವೆ. ಎಲ್ಲವನ್ನೂ ನಗರದಿಂದಲೇ ತುಂಬಿಕೊಂಡು ಬಂದು, ಆ ಜಾಗದಲ್ಲಿ ಮಲಗಿ ಎದ್ದು ಕಸ ಬಿಟ್ಟು ಹೋಗುವುದು ಸರಿಯಲ್ಲ.

ಆಸ್ಟ್ರೇಲಿಯಾದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು ನಮ್ಮ ಕೇಳುಗರಲ್ಲಿ ಅನೇಕರಿದ್ದೀರಿ. ಮುಂದಿನ ಸಲ ಹೋದಾಗ ಜುಲೈ ತಿಂಗಳಲ್ಲಿ ಮಕ್ಕಳು, ಮೊಮ್ಮಕ್ಕಳೊಡನೆ ಈ ಕಡೆ ಹೊರಡಿ. ಕುಡಿಯುವ ನೀರನ್ನು ಬೇಕಾದ್ದಕ್ಕಿಂತ ಹೆಚ್ಚೇ ಇಟ್ಟುಕೊಳ್ಳಿ. ಮುಸ್ಸಂಜೆಯಲ್ಲೂ ನಸುಕಿನಲ್ಲೂ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ, ಆ ಹೊತ್ತಿನಲ್ಲಿ ವಾಹನ ಓಡಿಸಬೇಡಿ. ಐವತ್ತು ಮೀಟರಿಗೂ ಉದ್ದದ ಲಾರಿಗಳು ಬರುತ್ತವೆ, ಅವಕ್ಕೆ ದಾರಿ ಬಿಡಿ. ಸಂಜೆಯ ಅಡುಗೆಗೆ ಬೇಕಾದದ್ದನ್ನು ಮಾತ್ರ ದಯವಿಟ್ಟು ನೀವು ತಂಗಿದ ಊರಿನ ಅಂಗಡಿಯಲ್ಲೇ ಕೊಳ್ಳಿ.