ಭಾರ ಹೊತ್ತವರ ಲೆಕ್ಕ

(ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಭಾರ ಎತ್ತುವುದೆಂದರೇನು ಎಂಬುದನ್ನು ಈ ಸಭೆಗೆ ನಾವು ಕಲಿಸಬೇಕಾಗಿಲ್ಲ. ಹತ್ತಿಯ ಬೇಲು ಉರುಳಿಸಿದವರು ಇಲ್ಲಿದ್ದೀರಿ. ಅಂಗಡಿಯ ಮುಂದೆ ಲಾರಿಯಿಂದ ಮೂಟೆ ಇಳಿಸಿಕೊಂಡವರಿದ್ದೀರಿ. ತಲೆಯ ಮೇಲೆ ಸೌದೆ, ಸೊಂಟದ ಮೇಲೆ ಕೊಡ ಹೊತ್ತ ತಾಯಂದಿರಿದ್ದೀರಿ. ಆ ಭಾರವನ್ನು ಯಾರೂ ತೂಗಿ ಬರೆದಿಟ್ಟಿಲ್ಲ. ನಿಮ್ಮ ಹಾಗೆಯೇ ಸೌದೆ ಹೊತ್ತ ಒಬ್ಬ ಹುಡುಗಿ ಎತ್ತಿದ ಭಾರಕ್ಕೆ ಮಾತ್ರ ಲೋಕವೇ ಲೆಕ್ಕವಿಟ್ಟಿತು. ಆಕೆ ಸೈಖೋಮ್ ಮೀರಾಬಾಯಿ ಚಾನು. ಆಕೆಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇವೆ.

ಆಕೆಯ ಊರು ಮಣಿಪುರದ ನೊಂಗ್‌ಪೊಕ್ ಕಾಕ್ಚಿಂಗ್ ಎಂಬ ಹಳ್ಳಿ. ಹುಟ್ಟಿದ್ದು 1994ರ ಆಗಸ್ಟ್ 8ರಂದು. ತಂದೆಗೆ ಲೋಕೋಪಯೋಗಿ ಇಲಾಖೆಯಲ್ಲಿ ಸಣ್ಣ ನೌಕರಿ, ತಾಯಿಗೆ ಊರಲ್ಲೊಂದು ಸಣ್ಣ ಅಂಗಡಿ. ಮಕ್ಕಳು ಗುಡ್ಡಕ್ಕೆ ಹೋಗಿ ಸೌದೆ ತರಬೇಕು. ಅಣ್ಣನಿಂದ ಎತ್ತಲಾಗದ ಹೊರೆಯನ್ನು ತಂಗಿ ಸಲೀಸಾಗಿ ಹೊತ್ತು ಮನೆಗೆ ತಂದಳೆಂದು ಮನೆಯವರೇ ಹೇಳಿದ್ದಾರೆ. ಆಗ ಆಕೆಗೆ ಹನ್ನೆರಡರ ವಯಸ್ಸು. ಮೊದಲು ಬಿಲ್ಲುಗಾರಿಕೆ ಕಲಿಯಬೇಕೆಂಬ ಆಸೆಯಿತ್ತು. ತಮ್ಮ ನಾಡಿನವರೇ ಆದ ಕುಂಜರಾಣಿ ದೇವಿಯವರು ಭಾರ ಎತ್ತಿ ಲೋಕದಲ್ಲಿ ಹೆಸರಾದುದನ್ನು ಶಾಲೆಯ ಪಾಠಪುಸ್ತಕದಲ್ಲಿ ಓದಿದ ಮೇಲೆ ಮನಸ್ಸು ಇತ್ತ ತಿರುಗಿತು. ಪಾಠಪುಸ್ತಕದಲ್ಲಿ ಯಾರ ಹೆಸರು ಇರಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ, ಮಿತ್ರರೆ. ನಾವು ಶಾಲೆಯಲ್ಲಿ ಮಕ್ಕಳ ಮುಂದೆ ನಿಂತವರು, ಇದನ್ನು ಬಲ್ಲೆವು.

ಈಗ ಈ ಸ್ಪರ್ಧೆಯ ಕ್ರಮವನ್ನು ತಿಳಿಯಬೇಕು. ಭಾರ ಎತ್ತುವುದರಲ್ಲಿ ಎರಡು ಬಗೆ. ಒಂದರಲ್ಲಿ ನೆಲದ ಮೇಲಿನ ಸರಳನ್ನು ಒಂದೇ ಸೆಳೆತಕ್ಕೆ ತಲೆಯ ಮೇಲಕ್ಕೆ ಒಯ್ಯಬೇಕು, ಇದು ಸ್ನ್ಯಾಚ್. ಇನ್ನೊಂದರಲ್ಲಿ ಮೊದಲು ಹೆಗಲಿಗೆ ತಂದು, ಬಳಿಕ ಮೇಲಕ್ಕೆ ಚಿಮ್ಮಿಸಬೇಕು. ಇದು ಕ್ಲೀನ್ ಅಂಡ್ ಜರ್ಕ್. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲಿಯೂ ಎತ್ತಿದ ಹೆಚ್ಚಿನ ಭಾರವನ್ನು ಕೂಡಿಸುತ್ತಾರೆ. ಯಾವುದಾದರೂ ಒಂದರಲ್ಲಿ ಮೂರಕ್ಕೆ ಮೂರೂ ತಪ್ಪಿದರೆ ಇನ್ನೊಂದರಲ್ಲಿ ಎಷ್ಟು ಎತ್ತಿದ್ದರೂ ಮೊತ್ತವೇ ಇಲ್ಲ. ಗಂಡಸರಿಗೆ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆ 1896ರಲ್ಲಿಯೇ ಇತ್ತು. ಹೆಂಗಸರಿಗೆ ಬಾಗಿಲು ತೆರೆದದ್ದು 2000ದಲ್ಲಿ, ಸಿಡ್ನಿಯಲ್ಲಿ. ನೂರನಾಲ್ಕು ವರ್ಷ ಕಾಯಬೇಕಾಯಿತು! ಬಾಗಿಲು ತೆರೆದ ಆ ವರ್ಷವೇ ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿಯವರು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ.

ಮೀರಾಬಾಯಿಯ ಹಳ್ಳಿಯಲ್ಲಿ ಕಲಿಯಲು ಅನುಕೂಲವಿರಲಿಲ್ಲ. ಅಭ್ಯಾಸ ನಡೆಯುತ್ತಿದ್ದದ್ದು ಇಂಫಾಲದ ಖುಮನ್ ಲಂಪಕ್ ಕ್ರೀಡಾಂಗಣದಲ್ಲಿ. ಹಳ್ಳಿಯಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೋಗಿಬರುವ ಖರ್ಚನ್ನು ದಿನದಿನವೂ ಹೊಂದಿಸುವುದು ಆ ಮನೆಗೆ ಕಷ್ಟ. ಆ ರಸ್ತೆಯಲ್ಲಿ ಮರಳು ಸಾಗಿಸುವ ಲಾರಿಗಳು ಓಡುತ್ತಿದ್ದವು. ಹುಡುಗಿ ಕೈ ಅಡ್ಡ ಮಾಡುವಳು, ಚಾಲಕರು ಹತ್ತಿಸಿಕೊಳ್ಳುವರು, ಕಾಸು ಕೇಳುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನಡೆಯಿತು. ಮುಂದೆ ಅವಳು ಏನಾಗುವಳೆಂದು ಅವರಿಗೇನು ಗೊತ್ತಿತ್ತು? ಹೊತ್ತು ಮೀರಿದರೆ ಮಾಲೀಕನ ಮಾತು ಕೇಳಬೇಕಾದ ದುಡಿಮೆಗಾರರು, ದಾರಿಯಲ್ಲಿ ನಿಂತ ಮಗುವಿಗಾಗಿ ಗಾಡಿ ನಿಲ್ಲಿಸಿದರು.

ಮುಂದಿನ ದಾರಿಯೂ ಸಮತಟ್ಟಾಗಿರಲಿಲ್ಲ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಬಂತು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಆರು ಪ್ರಯತ್ನಗಳಲ್ಲಿ ಒಂದು ಮಾತ್ರ ಸರಿಹೋಯಿತು. ಜರ್ಕಿನ ಮೂರೂ ತಪ್ಪಿದವು, ಮೊತ್ತವೇ ಇಲ್ಲದೆ ಮರಳಬೇಕಾಯಿತು. ಮರುವರ್ಷವೇ, 2017ರಲ್ಲಿ, ಅಮೆರಿಕದ ಅನಾಹೈಮಿನಲ್ಲಿ 194 ಕಿಲೋ ಎತ್ತಿ ಆಕೆ ವಿಶ್ವವಿಜೇತೆಯಾದಳು. 1995ರಲ್ಲಿ ಮಲ್ಲೇಶ್ವರಿಯವರು ಪಡೆದ ಮೇಲೆ ಆ ಕಿರೀಟ ಭಾರತಕ್ಕೆ ಬಂದದ್ದು ಅದೇ ಮೊದಲು. 2018ರಲ್ಲಿ ಬೆನ್ನುನೋವು ಹಿಡಿದು ಏಷ್ಯನ್ ಕ್ರೀಡೆಗಳು ತಪ್ಪಿದವು. 2021ರ ಜುಲೈ 24ರಂದು ಟೋಕಿಯೋದಲ್ಲಿ ಸ್ನ್ಯಾಚಿನಲ್ಲಿ 87, ಜರ್ಕಿನಲ್ಲಿ 115, ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದಳು. ಸ್ಪರ್ಧಿಸಿದ್ದು 49 ಕಿಲೋ ತರಗತಿಯಲ್ಲಿ. ಎಂದರೆ ಒಂದು ಅಕ್ಕಿ ಮೂಟೆಯಷ್ಟು ತೂಕದ ಹೆಣ್ಣು, ಅಂಥ ಎರಡು ಮೂಟೆಗಿಂತ ಹೆಚ್ಚಿನ ಭಾರವನ್ನು ತಲೆಯ ಮೇಲೆ ಎತ್ತಿ ಹಿಡಿದಳು.

ಟೋಕಿಯೋದಿಂದ ಬಂದ ಮೇಲೆ ಸರಕಾರಗಳಿಂದ ಬಹುಮಾನ ಬಂತು, ಪೊಲೀಸ್ ಇಲಾಖೆಯಲ್ಲಿ ಹುದ್ದೆ ಬಂತು. ಆದರೆ ನಮ್ಮ ಮನಸ್ಸಿಗೆ ನಾಟಿದ್ದು ಬೇರೊಂದು ಸಂಗತಿ. ಅದೇ ಆಗಸ್ಟಿನಲ್ಲಿ ಆಕೆ ಸುಮಾರು 150 ಮಂದಿ ಲಾರಿ ಚಾಲಕರನ್ನೂ ಸಹಾಯಕರನ್ನೂ ಮನೆಗೆ ಕರೆಸಿ, ಊಟಕ್ಕಿಕ್ಕಿ, ಅಂಗಿ ಕೊಟ್ಟು, ಮಣಿಪುರದ ಶಾಲು ಹೊದಿಸಿ ನಮಸ್ಕರಿಸಿದಳು. ಪದಕದಲ್ಲಿ ಅವರ ಪಾಲೂ ಇದೆಯೆಂದು ನಾಡಿಗೆ ತಿಳಿಯಿತು. ಲಾರಿ ಚಾಲಕನ ಮನೆಯಿಂದಲೇ ಎದ್ದುಬಂದ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರಲ್ಲಿ ಇದೇ ಆಟದಲ್ಲಿ ಕಾಮನ್‌ವೆಲ್ತ್ ಬೆಳ್ಳಿ ಗೆದ್ದರೆಂಬುದನ್ನೂ ಇಲ್ಲಿ ನೆನೆಯೋಣ.

ಇನ್ನೊಂದು ಮಾತನ್ನು ತಾಯಂದಿರು ವಿಶೇಷವಾಗಿ ಕೇಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮೀರಾಬಾಯಿ 199 ಕಿಲೋ ಎತ್ತಿ ನಾಲ್ಕನೆಯವಳಾದಳು. ಕಂಚು ಗೆದ್ದವಳ ಮೊತ್ತ 200. ಒಂದೇ ಕಿಲೋ! ಅಂದು ತನ್ನ ಮುಟ್ಟಿನ ಮೂರನೆಯ ದಿನವಾಗಿತ್ತು, ಮೈಯಲ್ಲಿ ನಿಶ್ಶಕ್ತಿಯಿತ್ತು ಎಂದು ಆಕೆ ಪತ್ರಿಕೆಯವರ ಮುಂದೆ ಸಂಕೋಚವಿಲ್ಲದೆ ಹೇಳಿದಳು. ಸೋಲಿಗೆ ನೆಪ ಹೇಳಿದಳೆಂದು ಕೆಲವರು ಮೂಗು ಮುರಿಯಬಹುದು. ಅಂಥ ದಿನಗಳಲ್ಲಿಯೂ ಮಿಲ್ಲಿನ ಪಾಳಿ ತಪ್ಪಿಸಲಾಗದೆ ಎಂಟು ಗಂಟೆ ನಿಂತು ದುಡಿದ ಹೆಂಗಸರಿಗೆ ಅದು ನೆಪವೋ ನಿಜವೋ ಎಂಬುದು ಗೊತ್ತು. ಮರುವರ್ಷ, 2025ರ ಅಕ್ಟೋಬರಿನಲ್ಲಿ, ನಾರ್ವೆಯ ಫೋರ್ಡೆಯಲ್ಲಿ ಅಷ್ಟೇ 199 ಕಿಲೋ ಎತ್ತಿ ಆಕೆ ವಿಶ್ವ ಸ್ಪರ್ಧೆಯ ಬೆಳ್ಳಿ ತಂದಳು. ಆಗ ವಯಸ್ಸು ಮೂವತ್ತೊಂದು.

ಮಿತ್ರರೆ, ಇದನ್ನು ಕೇಳಿ ಚಪ್ಪಾಳೆ ತಟ್ಟಿ ಎದ್ದುಹೋಗುವುದು ಸುಲಭ. ಬಡವರ ಮಗಳು ಗೆದ್ದಳಲ್ಲ, ಇನ್ನು ಬಡತನ ಅಡ್ಡಿಯೇ ಅಲ್ಲ ಎಂದು ಹೇಳುವ ದೊಡ್ಡವರೂ ಇದ್ದಾರೆ. ಅವರಿಗೆ ನಾವು ಕೇಳುವುದಿಷ್ಟೆ: ಆ ದಾರಿಯಲ್ಲಿ ಲಾರಿ ಬಾರದ ದಿನ ಹುಡುಗಿ ಏನು ಮಾಡಬೇಕಾಗಿತ್ತು? ಒಂದು ಮಗುವಿನ ಭವಿಷ್ಯ ಚಾಲಕನ ದಯೆಯ ಮೇಲೆ ನಿಂತಿತ್ತೆಂದರೆ ಚಾಲಕನಿಗೆ ಅದು ಕೀರ್ತಿ, ಆಡಳಿತಕ್ಕೆ ಅದು ನಾಚಿಕೆ. ದಯೆ ತೋರುವವರು ಸಿಗದೆ ಮನೆಗೆ ಮರಳಿದ ಹುಡುಗಿಯರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ನಮ್ಮ ಊರಿನ ಶಾಲೆಗಳಲ್ಲಿಯೂ ಅಂಥ ಹುಡುಗಿಯರಿದ್ದಾರೆ. ಅವರಿಗೆ ಸಂಜೆ ಆಡಲು ಮೈದಾನ ಬೇಕು, ಕಲಿಸುವವರು ಬೇಕು, ಮನೆ ಮುಟ್ಟಲು ಬಸ್ಸು ಬೇಕು, ಹೊಟ್ಟೆಗೆ ಹಾಲು ಮೊಟ್ಟೆ ಬೇಕು. ಇವನ್ನು ನಗರಸಭೆಯ ಮುಂದೆಯೂ ಜಿಲ್ಲಾ ಪಂಚಾಯತಿಯ ಮುಂದೆಯೂ ಹಕ್ಕಿನಿಂದ ಕೇಳೋಣ. ಅವು ಬರುವವರೆಗೆ ನಮ್ಮ ಕೈಲಾದದ್ದನ್ನು ನಾವೇ ಮಾಡೋಣ. ಮಗಳು ಆಡಲು ಹೋಗುತ್ತೇನೆಂದಾಗ ಮನೆಗೆಲಸದ ಒಂದು ಪಾಲನ್ನು ಮಗನಿಗೂ ಹಂಚುವುದರಿಂದ ಈ ಸಂಜೆಯೇ ಆರಂಭಿಸಬಹುದು. ಅದಕ್ಕೆ ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.