ಕಾಂಕ್ರೀಟ್ ಲಾರಿ ತಡವಾದರೆ ತಪ್ಪು ಯಾರದು?

ಕಟ್ಟಡದ ಕೆಲಸ ಹೇಳಿದ ದಿನಕ್ಕೆ ಯಾಕೆ ಮುಗಿಯಲ್ಲ ಅಂತ ಕೇಳಿದರೆ, ಲೇಬರ್ ಸಿಗಲಿಲ್ಲ, ಮಳೆ ಹಿಡೀತು ಅಂತಾರೆ. ಅದು ನಿಜಾನೇ. ಆದರೆ ಎಷ್ಟೋ ಸಲ ಕಾರಣ ಸೈಟಿನ ಗೇಟಿನಿಂದ ಆಚೆ ಇರುತ್ತೆ.

ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಸ್ಲ್ಯಾಬ್ ಹಾಕ್ತಿದ್ದಾರೆ ಅಂದುಕೊಳ್ಳಿ. 120 ಘನ ಮೀಟರ್ ಕಾಂಕ್ರೀಟ್ ಬೇಕು. ಒಂದು ಮಿಕ್ಸರ್ ಲಾರಿಗೆ 6 ಘನ ಮೀಟರ್ ಅಂದರೆ 20 ಲೋಡ್. ತಡಮಾಡೋ ಕೆಮಿಕಲ್ ಹಾಕದಿದ್ದರೆ, ಪ್ಲಾಂಟಿನಲ್ಲಿ ತುಂಬಿದ 2 ಗಂಟೆಯೊಳಗೆ ಇಳಿಸಬೇಕು ಅನ್ನೋದು ರೆಡಿಮಿಕ್ಸ್ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 4926ರ ನಿಯಮ. ಏಳನೇ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿತ್ತು. ಆರನೇ ಲೋಡಿನ ಕಾಂಕ್ರೀಟ್ ಅಷ್ಟರಲ್ಲಿ ಗಟ್ಟಿಯಾಗೋಕೆ ಶುರುವಾಯ್ತು. ಅದರ ಮೇಲೆ ಹೊಸದು ಬಿದ್ದರೆ ಎರಡೂ ಬೆಸೆಯಲ್ಲ. ಇದೇ ಕೋಲ್ಡ್ ಜಾಯಿಂಟ್, ಮುಂದೆ ನೀರು ಸೋರೋ ಜಾಗ. ಇತ್ತ ಪಂಪಿನ ಬಾಡಿಗೆ, ಗ್ಯಾಂಗಿನ ಕೂಲಿ ಎರಡೂ ಏರ್ತಾನೇ ಇರುತ್ತೆ. ಆಮೇಲೆ ಮೂರು ಲಾರಿ ಒಟ್ಟಿಗೆ ಬಂದು ನಿಲ್ಲುತ್ತೆ. ಕೊನೇ ಲಾರಿಯ ಸರದಿ ಬರೋ ಹೊತ್ತಿಗೆ ಕಾಂಕ್ರೀಟ್ ಬಿಗಿದಿರುತ್ತೆ, ಯಾರೋ ಡ್ರಮ್ಮಿಗೆ ನೀರು ಬಿಡ್ತಾರೆ. ಪಂಪಿನಲ್ಲಿ ಸಲೀಸಾಗಿ ಹೋಗುತ್ತೆ, ಆದರೆ ಬಲ ಕಡಿಮೆಯಾಗುತ್ತೆ. ನನಗೆ ತುಂಬಾ ಸಂಕಟ ಆಗೋದು ಇಲ್ಲೇ. ಆ ಮನೆಯಲ್ಲಿ ಬದುಕೋರಿಗೆ ಇದು ಗೊತ್ತೇ ಆಗಲ್ಲ.

ಪ್ಲಾಂಟಿನವರನ್ನ ಕೇಳಿದರೆ, ಹಿಂದಿನ ದಿನ ಸಂಜೆ ಫೋನ್ ಮಾಡಿ ಆರ್ಡರ್ ಕೊಟ್ಟರು ಅಂತಾರೆ. ಸೈಟ್ ಎಂಜಿನಿಯರ್, ಎಲೆಕ್ಟ್ರಿಷಿಯನ್ ಪೈಪ್ ಹಾಕೋದೇ ತಡವಾಯ್ತು ಅಂತಾರೆ. ಒಬ್ಬರ ವೇಳಾಪಟ್ಟಿ ಇನ್ನೊಬ್ಬರು ನೋಡಿರೋದೇ ಇಲ್ಲ. ಸಪ್ಲೈ ಚೈನ್ ಜೋಡಣೆ ಅಂದರೆ ಇಷ್ಟೇ: ಮುಂದಿನ ಎರಡು ವಾರದ ಪ್ಲಾನ್ ಪ್ಲಾಂಟಿಗೂ, ಸ್ಟೀಲ್ ಕೊಡೋರಿಗೂ, ಎಲೆಕ್ಟ್ರಿಷಿಯನ್‌ಗೂ ಕಾಣಬೇಕು, ಬದಲಾದರೆ ಅವತ್ತೇ ಎಲ್ಲರಿಗೂ ತಿಳೀಬೇಕು.

ಲಂಡನ್ನಿನ ಹೀಥ್ರೂ ಟರ್ಮಿನಲ್ 5 ಕಟ್ಟುವಾಗ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿದರು. ವಿಮಾನ ಹಾರಾಟದ ನಡುವೆ ಸೈಟ್, ಸರಕು ಪೇರಿಸೋಕೆ ಜಾಗವಿಲ್ಲ. ಹತ್ತಿರದ ಕೋಲ್ನ್‌ಬ್ರೂಕ್‌ನಲ್ಲಿ ಕಂಬಿಯ ಪಂಜರ ಕಟ್ಟಿ, ಬೇಕಾದಾಗ ಸೈಟಿಗೆ ತರ್ತಿದ್ದರು. ಅದಕ್ಕಿಂತ ಮುಖ್ಯವಾದದ್ದು ಕರಾರು. ನಷ್ಟದ ಹೊಣೆಯನ್ನ ಮಾಲೀಕರಾದ ಬಿಎಎ ಕಂಪನಿಯೇ ಹೊತ್ತಿತು. ಹಾಗಾಗಿ ತೊಂದರೆ ಮುಚ್ಚಿಡೋ ಅಗತ್ಯ ಗುತ್ತಿಗೆದಾರರಿಗೆ ಇರಲಿಲ್ಲ. 2008ರ ಮಾರ್ಚ್ 27ಕ್ಕೆ, ಅಂದುಕೊಂಡ ಸಮಯಕ್ಕೇ ಟರ್ಮಿನಲ್ ತೆರೀತು. ಮೊದಲ ದಿನಗಳಲ್ಲಿ ಲಗೇಜ್ ಅವಾಂತರ ಆಯ್ತು, ಅದಕ್ಕೆ ಮುಖ್ಯ ಕಾರಣ ನಡೆಸೋ ತಯಾರಿ ಸಾಲದೇ ಹೋದದ್ದು.

ನಮ್ಮಲ್ಲಿ ಪ್ಲಾನ್ ಹಂಚಿಕೊಳ್ಳೋ ಸಾಫ್ಟ್‌ವೇರ್ ಕೊಂಡರೆ ಎಲ್ಲ ಸರಿಹೋಗುತ್ತೆ ಅಂತಾರೆ. ನಾನು ಒಪ್ಪಲ್ಲ. ಮೊದಲು ಬಿಲ್ ಪಾವತಿ ಸರಿಯಾಗಬೇಕು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆಯೇ ಹೇಳುತ್ತೆ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ಸೈಟಿಗೆ ಕಂಬಿ, ಎಂ-ಸ್ಯಾಂಡ್, ಜಲ್ಲಿ ಕೊಡೋರು ಯಾವ ಪ್ಲಾನ್ ತೋರಿಸಿದರೂ ಹೊತ್ತಿಗೆ ಸರಿಯಾಗಿ ಲೋಡ್ ಕಳಿಸಲ್ಲ.