ಹರಟೆಯೂ ಕನ್ನಡದಲ್ಲೇ ಆಗಲಿ!



ನಾನು ಭಾಷಣಕಾರನಲ್ಲ. ರಾಮತೀರ್ಥ ನಗರದಲ್ಲಿ ಪ್ರೆಸ್ ನಡೆಸುವವನು, ಓದಿದ್ದು ಪಿ.ಯು.ಸಿ. ನನ್ನ ಕಂಪ್ಯೂಟರಿನಲ್ಲಿ ಚೆಂದ ಕಂಡ ಲಗ್ನಪತ್ರಿಕೆ ಗಿರಾಕಿಯ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತಾಗುತ್ತಿತ್ತು. ಅದೇ ಫಾಂಟ್ ಅಲ್ಲಿರದಿದ್ದರೆ ಹಳೆಯ ಪದ್ಧತಿಯಲ್ಲಿ ಹಾಗೇ. ಇದೇ ನೆಪದಿಂದ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕಲಿತೆವು. ಯೂನಿಕೋಡ್ ಬಂದ ಮೇಲೆ ಆ ನೆಪ ಉಳಿದಿಲ್ಲ!

'ಪಿಜಿನ್' ಎಂಬ ಹರಟೆಯ ತಂತ್ರಾಂಶ ನೋಡಿ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಯೂನಿಕೋಡ್ ಕನ್ನಡವನ್ನು ಇದ್ದ ಹಾಗೇ ಮುಟ್ಟಿಸುತ್ತದೆ. ಒಂದು ಪೈಸೆಯೂ ಬೇಡ. 1998ರಲ್ಲಿ ಮಾರ್ಕ್ ಸ್ಪೆನ್ಸರ್ ಇದನ್ನು 'ಗೇಮ್' ಎಂಬ ಹೆಸರಿನಲ್ಲಿ ಬರೆದರು. ಎ.ಒ.ಎಲ್. ಕಂಪನಿ ತಕರಾರು ತೆಗೆದು, 2007ರಲ್ಲಿ ಹೆಸರು ಬದಲಾಯಿತು. ಹೆಸರು ಹೋಯಿತು, ತಂತ್ರಾಂಶ ಉಳಿಯಿತು. ಏಕೆ? ಅದರ ಮೂಲ ಬರಹ ಎಲ್ಲರ ಕೈಯಲ್ಲಿದೆ. ಪುಸ್ತಕದ ಜೊತೆ ಅಚ್ಚುಮೊಳೆಯನ್ನೂ ಕೊಟ್ಟಂತೆ! ಯಾರೂ ತಿದ್ದಬಹುದು, ಹಂಚಬಹುದು. ಆದ್ದರಿಂದಲೇ ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಕನ್ನಡಿಗರೇ ಅದನ್ನು ಕನ್ನಡಕ್ಕೆ ಅನುವಾದಿಸಿದರು.

ಅಂಗಡಿಯ ಬೋರ್ಡು ಕನ್ನಡದಲ್ಲಿರಲಿ ಎಂದು ಕೂಗುವ ನಾವು, ಗೆಳೆಯನಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏನು ಫಲ? ಇಂದು ರಾತ್ರಿಯೇ ಒಬ್ಬ ಗೆಳೆಯನಿಗೆ ಕನ್ನಡ ಲಿಪಿಯಲ್ಲಿ ನಾಲ್ಕು ಸಾಲು ಕಳಿಸಿ. ಕಂಪ್ಯೂಟರ್ ಬಲ್ಲವರು ಇಂಥ ತಂತ್ರಾಂಶಗಳ ಅನುವಾದಕ್ಕೆ ಕೈಹಚ್ಚಿ. ಮೊಳೆ ನಮ್ಮ ಕೈಯಲ್ಲಿದೆ, ಜೋಡಿಸುವವರು ನೀವಾಗಬೇಕು.

ಸಿರಿಗನ್ನಡಂ ಗೆಲ್ಗೆ!